ಬರೆ ಹಾಕದ ಮರಿ

ಗಡಿಯ ಗೇಟು ತೆರೆದಾಗಲೆಲ್ಲ ಫುಹೈದ್ ಬೇಲಿಯತ್ತ ಓಡುತ್ತಿದ್ದ. ಮುಚ್ಚಿದರೆ ನೀರಿನ ಟ್ಯಾಂಕರಿನ ನೆರಳಿಗೆ ಮರಳುತ್ತಿದ್ದ. ಜೂನ್ ತಿಂಗಳ ಬಿಸಿಲು. ಬೇಲಿಯಾಚೆ, ಸೌದಿ ನೆಲದಲ್ಲಿ, ಕಣ್ಣು ಹಾಯುವಷ್ಟು ದೂರ ಒಂಟೆಗಳು. ಕತಾರಿನವರ ಒಂಟೆಗಳೆಲ್ಲ ಹುಲ್ಲುಗಾವಲು ಬಿಟ್ಟು ಹೊರಡಬೇಕೆಂದು ಆ ಕಡೆಯಿಂದ ಆಜ್ಞೆಯಾಗಿತ್ತು. ರಾಜಧಾನಿಗಳಲ್ಲಿ ದೊಡ್ಡವರು ಮುನಿಸಿಕೊಂಡರೆ ರಾಯಭಾರಿಗಳು ವಿಮಾನ ಹತ್ತುತ್ತಾರೆ. ಒಂಟೆಗಳು ನಡೆಯಬೇಕು.

ಫುಹೈದನ ಕುಲ ಈ ಗಡಿಗಿಂತ ಹಳೆಯದು. ಮಳೆ ಎಲ್ಲಿ ಬಿತ್ತೋ ಅಲ್ಲಿ ಮೇವು ಎಂದು ಬದುಕಿದವರು. ಅವನ ಹಿಂಡನ್ನು ಆಚೆ ನೋಡಿಕೊಳ್ಳುತ್ತಿದ್ದವನು ಚಿಕ್ಕಪ್ಪನ ಮಗ ಜಾರಲ್ಲಾ. ಇಬ್ಬರೂ ಒಂದೇ ಡೇರೆಯಲ್ಲಿ ಬೆಳೆದವರು. ಫುಹೈದನದು ಕತಾರಿನ ಪಾಸ್‌ಪೋರ್ಟು, ಅವನದು ಸೌದಿಯದು. ಇಬ್ಬರ ಒಂಟೆಗಳ ತೊಡೆಯ ಮೇಲೂ ಅಜ್ಜನ ಕಾಲದ ಅದೇ ಗುರುತಿನ ಬರೆ. ದಿನಾ ಫೋನು ಮಾಡುತ್ತಿದ್ದ ಜಾರಲ್ಲಾ ಈಗ ಎತ್ತುತ್ತಿರಲಿಲ್ಲ. ಕತಾರಿನವರ ಪರ ತುಟಿ ಬಿಚ್ಚಿದರೂ ಜೈಲು ಎಂದು ಜನ ಪಿಸುಗುಟ್ಟುತ್ತಿದ್ದರು.

ಹಿಂಡಿನ ಚಿಂತೆ ಅಷ್ಟಿರಲಿಲ್ಲ. ಆರೋಗ್ಯವಾಗಿರುವ ಒಂಟೆ ಬಾಯಾರಿಕೆಯನ್ನು ತಡೆದೀತು. ಫುಹೈದನ ಜೀವವೆಲ್ಲ ಶಗ್ರಾ ಎಂಬ ಒಂಟೆಯ ಮೇಲಿತ್ತು. ತಾಯಿ ತವರಿನಿಂದ ತಂದಿದ್ದ ತಳಿಯ ಕೊನೆಯ ಹೆಣ್ಣು ಅದು. ಈಗ ತುಂಬು ಗಬ್ಬ.

ಮಧ್ಯಾಹ್ನದ ಹೊತ್ತಿಗೆ ಅದು ಕಣ್ಣಿಗೆ ಬಿತ್ತು. ಗೇಟಿನಿಂದ ಬಲು ದೂರ, ಬೇಲಿಯ ಪಕ್ಕದಲ್ಲೇ ಕುಸಿದು ಕೂತಿತ್ತು. ಹಿಂದಿನಿಂದ ಹಿಂಡುಗಳು ಒತ್ತಿಕೊಂಡು ಬರುತ್ತಿದ್ದವು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅದನ್ನು ತುಳಿಯುವುದು ಖಂಡಿತ.

"ಯಾರದಿದು?" ಆಚೆಯ ಅಧಿಕಾರಿ ಕೂಗಿದ.

"ನಂದು ಸಾಹೇಬ್ರೇ! ಗಬ್ಬದ್ದು. ನೀರು ಕುಡಿಸ್ತೀನಿ, ಒಂದ್ ಗಳಿಗೆ ಬಿಡಿ."

"ನೀನು ಈಚೆ ಕಾಲಿಡೋ ಹಾಗಿಲ್ಲ. ಎದ್ದು ನಡೆದ್ರೆ ನಿನ್ನ ಹತ್ರ ಬರುತ್ತೆ."

ಅಷ್ಟರಲ್ಲಿ ಧೂಳೆಬ್ಬಿಸಿಕೊಂಡು ಒಂದು ಲಾರಿ ಬಂತು. ಹಿಂದೆ ಒಂಟೆ ಎತ್ತುವ ಕ್ರೇನು, ನೀರಿನ ಪೀಪಾಯಿ. ಇಳಿದವನು ಜಾರಲ್ಲಾ. ಮುಖಕ್ಕೆ ಮೂಗಿನವರೆಗೂ ರುಮಾಲು. ಫುಹೈದನ ಕಡೆ ತಿರುಗಲೇ ಇಲ್ಲ.

"ಅವನ ಮಾತು ಕೇಳ್ಬೇಡಿ ಸಾಹೇಬ್ರೇ. ಒಂಟೆ ನಂದು. ಮೇಯೋಕ್ ಬಿಟ್ಟಿದ್ದನ್ನ ತನ್ನ ಹಿಂಡಿಗೆ ಸೇರಿಸ್ಕೊಂಡ, ಕಳ್ಳ. ತೊಡೆ ನೋಡಿ, ನಮ್ಮ ಬರೆ."

"ಲೇ ಜಾರಲ್ಲಾ! ನಮ್ಮಮ್ಮನ ಒಂಟೆ ಕಣೋ ಅದು! ಅದರಜ್ಜಿ ಹಾಲು ಕುಡಿದೇ ನಿನಗೆ ಹಲ್ಲು ಬಂದಿದ್ದು!"

"ಹಲ್ಲಿನ ಪುರಾಣ ಆಮೇಲೆ. ಕದ್ದೆಯೋ ಇಲ್ವೋ, ಅದನ್ನ ಬೊಗಳು."

ಅಧಿಕಾರಿ ಬೆವರು ಒರೆಸಿಕೊಂಡ. "ಬರೆ ಇಬ್ಬರದೂ ಒಂದೇ. ಏನಪ್ಪಾ, ಅವನದು ಅಂತ ಒಪ್ಕೊಂಡ್ರೆ ಅವನು ಹೊತ್ಕೊಂಡು ಹೋಗ್ಲಿ. ನಿಂದೇ ಅಂದ್ರೆ ಕತಾರಿನ ಒಂಟೆ, ಅವನು ಮುಟ್ಟೋ ಹಾಗಿಲ್ಲ. ಬೇಗ ಹೇಳು."

ಬೇಲಿಯ ಈಚೆ ಕುಲದ ಹಿರಿಯರು ನಿಂತು ಕೇಳುತ್ತಿದ್ದರು. ದಾಯಾದಿಯ ಒಂಟೆ ಕದ್ದವನೆಂಬ ಹೆಸರು ಮೊಮ್ಮಕ್ಕಳ ಕಾಲಕ್ಕೂ ತೊಳೆದು ಹೋಗುವಂಥದ್ದಲ್ಲ. ಫುಹೈದ್ ಜಾರಲ್ಲಾನ ಕಣ್ಣುಗಳಲ್ಲಿ ಒಂದು ಸನ್ನೆಗಾಗಿ ಹುಡುಕಿದ. ಏನೂ ಇರಲಿಲ್ಲ. ಕ್ರೇನು ತಂದಿದ್ದಾನೆ, ನೀರು ತಂದಿದ್ದಾನೆ. ಕಾಪಾಡಲು ಬಂದವನೂ ತರುತ್ತಾನೆ, ಕಸಿಯಲು ಬಂದವನೂ ತರುತ್ತಾನೆ. ಕಂಡದ್ದೆಲ್ಲ ಎರಡಕ್ಕೂ ಸಮನಾಗಿ ಹೊಂದುತ್ತಿತ್ತು. ಒಂದು ಮಾತ್ರ ನಿಜ: ಎರಡರಲ್ಲಿ ಯಾವುದಾದರೂ ಶಗ್ರಾ ಬದುಕುತ್ತದೆ.

"ಅವನದೇ," ಎಂದ. "ನಾನೇ ಕದ್ದಿದ್ದು."

ಹಿಂದೆ ಯಾರೋ ಉಗಿದರು. "ದೊಡ್ಡವರ ಜಗಳ ಸಾಲ್ದು ಅಂತ ನೀವೂ ಶುರು ಹಚ್ಕೊಂಡ್ರಾ?" ಎಂದು ಒಬ್ಬ ಮುದುಕ ಗೊಣಗಿದ. ಜಾರಲ್ಲಾ ಮೊದಲು ನೀರು ಕುಡಿಸಿದ. ಆಮೇಲೆ ಹೊಟ್ಟೆಯಡಿ ಪಟ್ಟಿ ಕಟ್ಟಿ ಎತ್ತಿ ಹೇರಿದ. ಲಾರಿ ಹೊರಟಿತು. ಅವನು ತಿರುಗಿ ನೋಡಲಿಲ್ಲ.

ಮನೆಯಲ್ಲಿ ತಾಯಿ ಕೇಳಿದಳು, "ಶಗ್ರಾ ಬಂದ್ಲೇನೋ?"

"ಜಾರಲ್ಲಾನ ಹತ್ರ ಇದ್ದಾಳಮ್ಮ."

"ಹಾಗಾದ್ರೆ ಮನೇಲೇ ಇದ್ದ ಹಾಗೆ," ಎಂದು ಆಕೆ ನೆಮ್ಮದಿಯಾದಳು. ಅವನಿಗೆ ಆ ನೆಮ್ಮದಿ ಸಿಗಲಿಲ್ಲ. ಗಂಡಸರು ಕೂಡುವ ಮಜ್ಲಿಸ್‌ಗೆ ಕಾಫಿಗೆ ಹೋದರೆ, "ಫುಹೈದ್ ಬಂದ, ಚಪ್ಪಲಿ ನೋಡ್ಕೊಳ್ರಪ್ಪೋ" ಎಂದು ಯಾರಾದರೂ ನಗುವರು. ಅವನೂ ನಗುವನು. ಆಚೆಯಿಂದ ಸುದ್ದಿಯಿಲ್ಲ. ಶಗ್ರಾ ಈದಿತೋ? ಮಾರಿಹೋಯಿತೋ?

ಚಳಿ ಮುಗಿಯುವ ಹೊತ್ತಿಗೆ ಕುವೈತಿನಲ್ಲಿದ್ದ ನಂಟನೊಬ್ಬನಿಂದ ಒಂದು ಚಿತ್ರ ಬಂತು. ಈ ಜಗಳದಲ್ಲಿ ಕುವೈತ್ ಯಾವ ಪಕ್ಷಕ್ಕೂ ಸೇರದ್ದರಿಂದ ಮದುವೆ, ಸಾವುಗಳ ಸುದ್ದಿಯೆಲ್ಲ ಅಲ್ಲಿಂದಲೇ ಸುತ್ತಿ ಬರುತ್ತಿತ್ತು. ಚಿತ್ರದ ಜೊತೆ ಒಂದು ಅಕ್ಷರವೂ ಇರಲಿಲ್ಲ. ಶಗ್ರಾ ನಿಂತಿತ್ತು, ಪಕ್ಕದಲ್ಲಿ ಮರಿ.

ಫುಹೈದ್ ಚಿತ್ರವನ್ನು ದೊಡ್ಡದು ಮಾಡಿದ. ಹಿಂದೆ ನಿಂತ ಅದೇ ವಯಸ್ಸಿನ ಮರಿಗಳ ತೊಡೆಯ ಮೇಲೆಲ್ಲ ಹೊಸ ಬರೆ. ಶಗ್ರಾಳ ಮರಿಯ ತೊಡೆ ಮಾತ್ರ ಬರಿದು. ಬರೆ ಹಾಕುವುದು ಒಡೆಯನ ಕೈ. ಒಡೆಯ ಬರುವವರೆಗೆ ಜಾರಲ್ಲಾ ಹಾಗೇ ಬಿಟ್ಟಿದ್ದ.

ಎದೆಯ ಮೇಲಿನ ಬಂಡೆ ಸರಿಯಿತು. ತಾಯಿಗೆ ತೋರಿಸಿದ. ಆಕೆ ಕಣ್ಣು ಕಿರಿದಾಗಿಸಿ ನೋಡಿ, "ಹುಚ್ಚ ಅವನು," ಎಂದಳು. "ಬರೆ ಇಲ್ಲದ ಮರಿ ದಾರಿ ತಪ್ಪಿದ್ರೆ ಹಿಡಿದವನದೇ. ಹಾಕ್ಬಿಡು ಅಂತ ಹೇಳಿ ಕಳಿಸೋ."

ಬಂಡೆ ಮತ್ತೆ ಬಂದು ಕೂತಿತು. 'ನನ್ನ ಮರಿ' ಎಂದು ಬರೆದು ಅಳಿಸಿದ. ಯಾರಾದರೂ ಓದಿದರೆ ಬೇಲಿಯ ಬಳಿಯ ಸುಳ್ಳು ಬಯಲಾಗುತ್ತದೆ. ಹೋಗುವುದು ಜಾರಲ್ಲಾನ ತಲೆ. ಕೊನೆಗೆ ಜಾರಲ್ಲಾನಿಗೆ ಮುಟ್ಟಿಸಲೆಂದು ಕುವೈತಿನವನಿಗೆ ಹೀಗೆ ಕಳಿಸಿದ: "ನಿನ್ನ ಮರಿ ಚೆನ್ನಾಗಿದೆ. ಬೇಗ ನಿನ್ನ ಬರೆ ಹಾಕು. ನಮ್ಮ ಕಡೆ ಕಳ್ಳರಿದ್ದಾರೆ."

ಉತ್ತರ ಬರಲಿಲ್ಲ. ಸಂಜೆಯವರೆಗೂ ಅವನು ಆ ಬರಿದಾದ ತೊಡೆಯನ್ನೇ ನೋಡುತ್ತ ಕೂತ.