ಎಡಭುಜದ ಮಡಿಕೆ

ಗಂಟೆ ಹೊಡೆಯುತ್ತಿದೆ, ಯಾರದೋ ಒದ್ದೆ ಜಡೆ ಅವಳ ಮೊಣಕೈಗೆ ತಣ್ಣಗೆ ತಾಗಿ ಹೋಯಿತು, ಗರ್ಭಗುಡಿಯ ತೆರೆ ಇನ್ನೂ ಸರಿದಿಲ್ಲ, ಸರಿಯಲಿ, ಅವಸರವೇನು, ಇಪ್ಪತ್ತಾರು ವರ್ಷದಿಂದ ಪ್ರತಿ ಉತ್ಸವದ ಬೆಳಿಗ್ಗೆ ಇದೇ ಕಂಬದ ಪಕ್ಕ ನಿಂತು, ತಾನೇ ಹೊಲಿದ ಉಡುಗೆಯಲ್ಲಿ ದೇವಿಯನ್ನು ನೋಡಲು ಕಾಯುವಾಗ ಎದೆ ಹೀಗೆಯೇ ಡವಗುಟ್ಟುತ್ತದೆ, ಈ ಸಲ ದಾಳಿಂಬೆ ಬಣ್ಣ, ಅಂಚಿಗೆ ಬಳ್ಳಿ, ಮೂರು ತಿಂಗಳ ಸೂಜಿ ಕೆಲಸ, ಮೊನ್ನೆ ತಮ್ಮನ ಕೈಗೆ ಕೊಟ್ಟಾಗ — ಒಳಗೆ ಗಂಟೆ ಹೊಡೆಯುತ್ತಿರುವವನು ಅವನೇ, ಅಪ್ಪನ ನಂತರ ಅವನೇ ಅರ್ಚಕ — ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಿದ್ದ, ಏನಕ್ಕ ಇದು, ಬಳ್ಳಿ ಇನ್ನೇನು ಚಿಗುರೋ ಹಾಗಿದೆಯಲ್ಲ, ಸಾಕು ಬಿಡೋ ನಿನ್ನ ಬೆಣ್ಣೆ ಮಾತು, ಅಂದಿದ್ದಳು, ಆದರೂ ಮನೆ ಸೇರುವವರೆಗೆ ಕಾಲು ನೆಲಕ್ಕೆ ತಾಗಿರಲಿಲ್ಲ. ತೆರೆ ಸರಿಯಿತು. ಹಸಿರು.

ಹಸಿರು ಯಾಕೆ, ದೀಪದ ಬೆಳಕಿಗೆ ಹಾಗೆ ಕಾಣುತ್ತಿರಬೇಕು, ಕನ್ನಡಕ ಒರೆಸಿಕೊಂಡಳು, ಹಸಿರೇ, ಸಾಲುಸಾಲು ಹರಳು ಅಂಟಿಸಿದ ಅಂಗಡಿಯ ಹಸಿರು — ಪಾಪ ತಮ್ಮ, ಎಣ್ಣೆ ಚೆಲ್ಲಿರಬೇಕು, ಇಲಿ ಕಡಿದಿರಬೇಕು, ಗಾಬರಿಯಲ್ಲಿ ಸಿಕ್ಕಿದ್ದನ್ನು ತಂದು ಉಡಿಸಿದ್ದಾನೆ, ಅಕ್ಕನಿಗೆ ಹೇಗೆ ಹೇಳಲಿ ಅಂತ ಒದ್ದಾಡುತ್ತಿದ್ದಾನೆ, ಅದಕ್ಕೇ ಈ ಕಡೆ ತಿರುಗುತ್ತಿಲ್ಲ — ಆರತಿ ಎತ್ತಿದ, ಬೆಳಕು ದೇವಿಯ ಮುಖದಿಂದ ಕೊರಳಿಗಿಳಿದು ಎಡಭುಜಕ್ಕೆ ಬಂತು, ಅಲ್ಲಿ ಹರಳಿನ ಒಂದು ಸಾಲು ಒಳಗೆ ಸರಿದು ಮುಚ್ಚಿಹೋಗಿತ್ತು, ಮಡಿಕೆ, ಹೆಬ್ಬೆರಳಗಲದ ಮಡಿಕೆ, ಸಿಕ್ಕಿದ್ದನ್ನು ತಂದರೆ ಅದರಲ್ಲಿ ಈ ಮಡಿಕೆ ಹೇಗೆ ಬರುತ್ತದೆ, ಮೊದಲ ಸಲ ಅಳತೆ ತೆಗೆದ ದಿನ ಅಪ್ಪ ಒಳಗೆ ದಾರ ಹಿಡಿದು ಗೇಣು, ಬೆರಳು ಅಂತ ಹೇಳುತ್ತಿದ್ದ, ಹೊಸಿಲಾಚೆ ಕೂತು ಅವಳು ಚೀಟಿಯಲ್ಲಿ ಬರೆಯುತ್ತಿದ್ದಳು, ಎಡಭುಜ ಬಂದಾಗ ಅಪ್ಪ ದನಿ ತಗ್ಗಿಸಿದ, ಇಲ್ಲಿ ಶಿಲ್ಪಿಯ ಕೈ ಜಾರಿದೆ ಮಗಳೇ, ಈ ಭುಜ ತುಸು ತಗ್ಗು, ಮಡಿಕೆ ಹಾಕಿ ಸರಿಮಾಡು, ನಮ್ಮ ದೇವಿ ಸೊಟ್ಟ ಅಂತ ಯಾರೂ ಅನ್ನಬಾರದು, ಇದು ನಮ್ಮ ಮೂವರಲ್ಲೇ ಇರಲಿ. ಅಪ್ಪ, ಅವಳು, ತಮ್ಮ. ಅಪ್ಪ ಹೋಗಿ ಎಂಟು ವರ್ಷ.

ಆ ಚೀಟಿ ಕೊಡಕ್ಕ, ಹಳೇ ಕಾಗದ, ಹರಿದುಹೋದ್ರೆ ಏನು ಗತಿ, ಒಂದು ಪ್ರತಿ ಮಾಡಿಸಿಟ್ಟಿರ್ತೀನಿ — ತಮ್ಮ ಅಂದದ್ದು ಅವಳು ಈ ಸಲದ ಬಟ್ಟೆಗೆ ಕತ್ತರಿ ಹಾಕಿದ ವಾರವೇ, ಅಳತೆ ಬಾಯಿಪಾಠ, ಚೀಟಿ ಯಾಕೆ ಬೇಕು ಅಂತ ಕೊಟ್ಟುಬಿಟ್ಟಳು, ಅಂದರೆ ಅವಳದನ್ನು ಉಡಿಸುವುದಿಲ್ಲ ಅಂತ ಆಗಲೇ ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ವಾರವಾರ ಬಂದು ಹೊಲಿಗೆ ಯಂತ್ರದ ಪಕ್ಕ ಕೂತು ಟೀ ಕುಡಿದ, ಅಂಚು ಇನ್ನೊಂದು ಬೆರಳು ಅಗಲ ಇರಲಿ ಅಂದ, ಅವಳು ಬಿಚ್ಚಿ ಮತ್ತೆ ಹೊಲಿದಳು, ಕಣ್ಣು ಸೋತಾಗ ಸೂಜಿಗೆ ದಾರ ಪೋಣಿಸಿಕೊಟ್ಟ — ದಾರ ಪೋಣಿಸಿಕೊಟ್ಟನಲ್ಲ! — ಮೈಕಿನಲ್ಲಿ ಯಾರೋ, ಈ ವರ್ಷದ ಉತ್ಸವದ ಉಡುಗೆ ನಮ್ಮ ಹೊಸ ಅಧ್ಯಕ್ಷರು, ಬಟ್ಟೆ ಅಂಗಡಿಯ ಯಜಮಾನರ ಸೇವೆ, ಚಪ್ಪಾಳೆ, ಅವಳ ಕೈಯೂ ತಟ್ಟಿಬಿಟ್ಟಿತು, ಥೂ, ನಾಚಿಕೆಗೆಟ್ಟ ಕೈ.

ತೀರ್ಥದ ತಂಬಿಗೆ ಹಿಡಿದು ತಮ್ಮ ಸಾಲಿನುದ್ದಕ್ಕೂ ಬಂದ, ಅವಳ ಮುಂದೆ ನಿಂತ, ಅಧ್ಯಕ್ಷರು ಕೇಳಿದ್ಮೇಲೆ ಆಗಲ್ಲ ಅನ್ನೋಕಾಗುತ್ತಾ ಅಕ್ಕ, ನಿಂದು ಒಳಗೆ ಜೋಪಾನವಾಗಿದೆ, ಕೈ ಚಾಚು. ನಂಗೆ ಮೊದಲೇ ಹೇಳಬಾರದಿತ್ತೇನೋ. ಹೇಳಿದ್ರೆ ಬೇಜಾರು ಮಾಡ್ಕೋತಿದ್ದೆ. ಚೀಟಿ ಎಲ್ಲೋ? ಯಾವ ಚೀಟಿ, ಅಂದ, ರೆಪ್ಪೆ ಕೂಡ ಅಲುಗಲಿಲ್ಲ, ಅವಳು ಚಾಚಿದ ಕೈ ಮುಚ್ಚಿಬಿಟ್ಟಳು, ತೀರ್ಥ ಬೆರಳ ಗೆಣ್ಣುಗಳ ಮೇಲೆ ಹರಿದು ನೆಲಕ್ಕೆ ಬಿತ್ತು, ಅವನು ಪಕ್ಕದವರಿಗೆ ಹಾಕಿದ. ಮುಂದೆ ಹೋಗಮ್ಮ, ದಾರಿ ಬಿಡಮ್ಮ, ಬೆನ್ನ ಹಿಂದೆ ಇಬ್ಬರು ಹೆಂಗಸರು ಪಿಸಪಿಸ, ಅಂಗಡಿ ದರ್ಜಿ ಹೇಳ್ತಿದ್ದ ಕಣೇ, ದೇವಿಗೆ ಒಂದು ಭುಜ ತಗ್ಗಂತೆ, ಹೌದಾ, ಎಲ್ಲಿ, ಅವಳು ಅಡ್ಡ ನಿಲ್ಲಬೇಕು, ಹಿಂದೆ ತಿರುಗಿ ಬಯ್ಯಬೇಕು, ಸುಳ್ಳು ಅನ್ನಬೇಕು, ಅವಳ ಭುಜದ ಮೇಲಿಂದ ಒಂದು ಬೆರಳು ಮುಂದಕ್ಕೆ ಚಾಚಿತು, ಅಲ್ಲಿ ನೋಡೇ, ಅವಳೂ ನೋಡಿದಳು, ಮಡಿಕೆ, ಹಸಿರಿನೊಳಗೆ ಮುಚ್ಚಿಹೋದ ಹರಳಿನ ಸಾಲು, ಹೆಬ್ಬೆರಳಗಲ, ಮಡಿಕೆ, ಆ ಮಡಿಕೆ —