ವಾಪಸ್ ಹೋದ ಹಿಟ್ಟು

"ಒಂದು ಬಟ್ಟಲು ಅಂದ್ರೆ ಎಷ್ಟಪ್ಪಾ?"

ಚಿಂತಾಮಣಿಯ ಸಂತೆಬೀದಿಯಲ್ಲಿ ನಿಂತು, ಕೈಲಿದ್ದ ಸಮೀಕ್ಷೆಯ ಫಾರಂ ನೋಡುತ್ತ ಭಾಗೀರಥಮ್ಮ ಯಾರನ್ನೂ ಕೇಳದೆ ಕೇಳಿದ ಮಾತಿದು. ಉತ್ತರವಾಗಿ ಸಿಕ್ಕಿದ್ದು ನಾನು. ನಾನು ಒಂದು ತಗಡಿನ ಪಾವು. ಆ ಬೆಳಿಗ್ಗೆಯಷ್ಟೇ ಮುದುಕರೊಬ್ಬರು ಎಣ್ಣೆ ಡಬ್ಬ ಕತ್ತರಿಸಿ, ತತ್ವಪದ ಗುನುಗುತ್ತ ನನ್ನನ್ನು ಬಡಿದು ಮುಗಿಸಿದ್ದರು. ಆ ತಾಳ ಇನ್ನೂ ನನ್ನ ತಳದಲ್ಲಿದೆ.

ಯಾವ ಮನೆಯಲ್ಲಿ ಎಷ್ಟು ಉಣ್ಣುತ್ತಾರೆಂದು ಬರೆದು ತರುವುದು ಭಾಗೀರಥಮ್ಮನ ಸರ್ಕಾರಿ ಕೆಲಸ. ಅದನ್ನು ನೋಡಿಯೇ, ಊಟ ಕಮ್ಮಿಯಿದ್ದ ಊರಿಗೆ ಹೆಚ್ಚು ಪಡಿತರವೆಂದು ಮೇಲಿನವರು ಗೊತ್ತುಮಾಡುತ್ತಿದ್ದರು. ಮನೆಗೊಂದು ಗಾತ್ರದ ಬಟ್ಟಲು; ಎಲ್ಲಕ್ಕೂ ಒಂದೇ ಅಳತೆ ಬೇಕಿತ್ತು. ಹಾಗಾಗಿ ನಾನು ಅವರ ಚೀಲ ಸೇರಿದೆ. ತುಂಬುವುದು, ಬರಿದಾಗುವುದು, ಸುಮ್ಮನೆ ಕೇಳಿಸಿಕೊಳ್ಳುವುದು. ನನಗೆ ಬೇರೆ ಪೂಜೆ ಗೊತ್ತಿಲ್ಲ.

ಒಮ್ಮೆ ಅಕ್ಕಯ್ಯಮ್ಮನ ಮನೆಗೆ ಹೋದೆವು. ಜಗುಲಿಯಲ್ಲಿ ಕೂತಿದ್ದ ಗಂಡ, "ದಿನಕ್ಕೆ ನಾಲ್ಕು ಪಾವು ರಾಗಿಹಿಟ್ಟು, ಬರ್ಕೊಳ್ಳಿ" ಎಂದ. ಭಾಗೀರಥಮ್ಮ ಬರೆದುಕೊಂಡರು. ಆದರೂ ಒಳಗೆ ಹೋಗಿ, "ಅಳೆದು ತೋರ್ಸಕ್ಕಾ" ಎಂದರು. ಅಕ್ಕಯ್ಯಮ್ಮ ನಾಲ್ಕು ಸಲ ನನ್ನನ್ನು ತುಂಬಿ ಮೊರಕ್ಕೆ ಸುರಿದಳು. ಆಮೇಲೆ, ಕೈಗೆ ರೂಢಿಯಾದವಳಂತೆ, ಒಂದು ಪಾವು ಗಡಿಗೆಗೆ ವಾಪಸ್ ಹಾಕಿದಳು.

"ಅದ್ಯಾಕಕ್ಕಾ?"

"ಅದು ನನ್ ಪಾಲು ಮೇಡಮ್ಮ. ತಿಂಗಳ ಕೊನೆಗಂಟ ಬರಬೇಕಲ್ಲ? ನಮ್ಮನೆಯೋರು ಅಳ್ದಿದ್ ನೋಡ್ತಾರೆ, ವಾಪಸ್ ಹಾಕಿದ್ ಯಾರ್ ನೋಡ್ತಾರೆ?"

"ಅದೇನೇ ಒಳಗೆ ಗುಸುಗುಸು?" ಗಂಡ ಕೂಗಿದ.

"ನಿನ್ನ ಹೊಗಳ್ತಾ ಇದೀವಿ, ಸುಮ್ಕಿರು!"

ಇಬ್ಬರೂ ನಕ್ಕರು. ಭಾಗೀರಥಮ್ಮನ ನಗು ಬೇಗ ನಿಂತಿತು. ನಾಲ್ಕನ್ನು ಹೊಡೆದು ಮೂರು ಬರೆದರು. ಅಷ್ಟು ವರ್ಷ ಜಗುಲಿಯಲ್ಲೇ ಬರೆದುಕೊಂಡ ಮನೆಗಳೆಲ್ಲ ನೆನಪಾದವೋ ಏನೋ, ದಾರಿಯುದ್ದಕ್ಕೂ ಬೆರಳು ಮಡಿಸಿ ಎಣಿಸುತ್ತ ನಡೆದರು. ಫಾರಮ್ಮಿನಲ್ಲಿ 'ವಾಪಸ್ ಹಾಕಿದ್ದು' ಎಂಬ ಕಾಲಂ ಬರಲು ಆರು ವರ್ಷ ಮೇಲಿನವರಿಗೆ ಪತ್ರ ಬರೆದರು. ಬಂತು. ಆಮೇಲೆ ಎಷ್ಟು ಅಡುಗೆಮನೆ! ಎಲ್ಲ ಕಡೆ ಆ ಒಂದು ಪಾವು ನನ್ನ ಮೂಲಕವೇ ಹಿಂದಕ್ಕೆ ಹೋಯಿತು. ಹಸಿವಿಗೂ ತೂಕವಿದೆಯೆಂದು ನಾನು ಕಲಿತದ್ದು ಹಾಗೆ.

ಈಗ ನನ್ನ ಅಂಚು ತುಕ್ಕು ಹಿಡಿದಿದೆ. ಕಚೇರಿಯಲ್ಲಿ ಭಾಗೀರಥಮ್ಮನ ಮೇಜಿನ ಮೇಲೆ ಪೆನ್ನುಗಳನ್ನು ಹೊತ್ತು ಕೂತಿದ್ದೇನೆ. ಇವತ್ತು ಸಾಹೇಬರೇ ಎದ್ದು ಬಂದರು.

"ಭಾಗೀರಥಮ್ಮನೋರೆ, ನಾಳೆ ರಿಟೈರ್ ಆಗ್ತೀರಿ. ಆ ವಾಪಸ್ ಕಾಲಂನಿಂದ ನಮ್ಮ ತಾಲ್ಲೂಕಿನ ಊಟ ಕಮ್ಮಿ ಕಾಣ್ತದೆ, ಮೇಲಿಂದ ಬೈಗುಳ. ಅದನ್ನ ತೆಗೆದು ಹೊಸ ಫಾರಂ ಮಾಡ್ಸಿದೀನಿ. ಅದನ್ನ ಕೇಳಿ ತರ್ಸಿದ ನೀವೇ ಒಂದು ಸಹಿ ಹಾಕಿದ್ರೆ ಯಾರೂ ಕೇಳಲ್ಲ."

ಭಾಗೀರಥಮ್ಮ ನನ್ನೊಳಗಿಂದ ಪೆನ್ನು ತೆಗೆದರು. ಅದರ ಮುಚ್ಚಳ ತೆಗೆಯಲಿಲ್ಲ. ಮತ್ತೆ ನನ್ನೊಳಗೇ ಇಟ್ಟರು.

"ಹಾಕಲ್ಲ ಸಾರ್."