ಬಿಟ್ಟ ಸಾಲು

ಮೊದಲೇ ಹೇಳಿಬಿಡ್ತೀನಿ, ಪುಸ್ತಕದ ವಿಷಯದಲ್ಲಿ ನಾನು ದಾಕ್ಷಿಣ್ಯದ ಮನುಷ್ಯ ಅಲ್ಲ. ಈಚೆಗೆ ಓದಿದ ಒಂದು ಕಾದಂಬರಿಯ ಕಥೆ ಚೆನ್ನೈನಲ್ಲೇ ನಡೆಯುತ್ತೆ. ನಾಯಕ ಸಂಜೆ ಮರೀನಾದಲ್ಲಿ ಕೂತು, ಸೂರ್ಯ ಸಮುದ್ರದಲ್ಲಿ ಮುಳುಗೋದನ್ನ ನೋಡ್ತಾ ಕಣ್ಣೀರು ಹಾಕ್ತಾನೆ. ಅಯ್ಯೋ ಮಹಾರಾಯ, ಇಲ್ಲಿ ಸಮುದ್ರ ಇರೋದು ಪೂರ್ವಕ್ಕೆ! ಈ ಊರಲ್ಲಿ ಮೂವತ್ತಾರು ವರ್ಷ ಬ್ಯಾಂಕ್ ಕೆಲಸ ಮಾಡಿದೀನಿ, ಒಂದು ದಿನವೂ ಸೂರ್ಯ ಅಲ್ಲಿ ಮುಳುಗಲಿಲ್ಲ.

ಅದಕ್ಕೆ ಮುಂಚೆ ಓದಿದ್ದು ಒಬ್ಬ ನಿವೃತ್ತ ಅಧಿಕಾರಿಯ ಆತ್ಮಕಥೆ. ನಾನೂರು ಪುಟ. ವರ್ಗವಾದ ಹದಿನೇಳು ಊರು, ಅಲ್ಲಿನ ಕ್ವಾರ್ಟರ್ಸು, ಓಡಾಡಿದ ಜೀಪಿನ ನಂಬರು ಸಮೇತ ಬರೆದಿದಾರೆ. ಹೆಂಡತಿ ಬರೋದು ಎರಡೇ ಸಲ. ಎರಡು ಸಲವೂ ಆಕೆಗೆ ಹೆಸರಿಲ್ಲ. ಜೀಪಿಗಾದರೂ ನಂಬರಿತ್ತು.

ಇಂಥದ್ದನ್ನೆಲ್ಲ ನಾನು ಗೆರೆ ಹಾಕಿದ ಹಾಳೆಯಲ್ಲಿ ಬರೀತೀನಿ, ಪುಸ್ತಕಕ್ಕೆ ಒಂದು ಹಾಳೆ. ಫೋನಿನಲ್ಲಿ ಕನ್ನಡ ಒತ್ತೋದು ನನ್ನ ಕೈಲಾಗಲ್ಲ. ಹಾಳೆಯ ಫೋಟೋ ತೆಗೆದು ಶ್ರೀಯಾಗೆ ವಾಟ್ಸಾಪ್ ಮಾಡ್ತೀನಿ. ಶ್ರೀಯಾ ನನ್ನ ತಮ್ಮ ಉದಯನ ಮಗಳು. ಉದಯ ಕೊಯಮತ್ತೂರಿಗೆ ಮನೆ ಬದಲಾಯಿಸಿ ನಾಲ್ಕು ವರ್ಷ ಆಯ್ತು. ಇವಳಿಗೆ ಇಲ್ಲೇ ಚೆನ್ನೈನ ಶೋಳಿಂಗನಲ್ಲೂರಲ್ಲಿ ಕೆಲಸ, ಅಲ್ಲೇ ಗೆಳತಿಯರ ಜೊತೆ ಇದಾಳೆ. ನಾನು ಮದುವೆ ಗಿದುವೆ ಅಂತ ಆದವನಲ್ಲ. ಪಲ್ಲಾವರದ ಈ ಮನೆಯಲ್ಲಿ ಮಧುಸೂದನ್ ಅನ್ನೋ ನಾನೊಬ್ಬನೇ.

ಹದಿನೈದು ದಿನಕ್ಕೊಂದು ಸಲ ರೈಲು ಹತ್ತಿ ಟಿ. ನಗರಕ್ಕೆ ಹೋಗ್ತೀನಿ. ಅಲ್ಲೊಂದು ಸಣ್ಣ ಕನ್ನಡ ಸಂಘ, ಅದರಲ್ಲಿ ಆರು ಬೀರು ಪುಸ್ತಕ. ನೋಡಿಕೊಳ್ಳೋ ಶಿವರಾಮು ಹತ್ರ, "ಇದನ್ನ ಓದಿದೀರೇನ್ರೀ?" ಅಂದರೆ, "ನಮಗೆಲ್ಲಿ ಪುರುಸೊತ್ತು ಸಾರ್, ತಾರೀಕು ನೋಡ್ಕೊಂಡು ವಾಪಸ್ ತನ್ನಿ" ಅಂತಾರೆ. ಅಲ್ಲಿಗೆ ನನ್ನ ಕನ್ನಡ ಮುಗೀತು. ಹಾಲಿನವನ ಹತ್ರ, ಪಕ್ಕದ ಮನೆಯವರ ಹತ್ರ ತಮಿಳು. ಕೆಲವು ದಿನ ಅದೂ ಇಲ್ಲ. ಹಲ್ಲುಜ್ಜೋಕೆ, ಊಟಕ್ಕೆ ಬಿಟ್ಟರೆ ಬಾಯಿ ತೆರೆಯೋ ಸಂದರ್ಭವೇ ಬರಲ್ಲ.

ಎರಡು ವರ್ಷದಲ್ಲಿ ಐವತ್ತೆಂಟು ಹಾಳೆ ಕಳಿಸಿದೀನಿ. ಪ್ರತಿಯೊಂದಕ್ಕೂ ಅವಳಿಂದ ಒಂದು ಕೆಂಪು ಹೃದಯ, "ಸೂಪರ್ ದೊಡ್ಡಪ್ಪ" ಅಂತ ಇಂಗ್ಲಿಷ್ ಅಕ್ಷರದಲ್ಲಿ ಉತ್ತರ. ಸುಳ್ಳು ಯಾಕೆ ಹೇಳಲಿ, ಆ ಉತ್ತರಕ್ಕೋಸ್ಕರವೇ ನಾನು ಅಷ್ಟು ಓದ್ತಿದ್ದಿದ್ದು.

ಅವಳಿಗೆ ಪುಸ್ತಕದ ರುಚಿ ಹತ್ತಿಸಿದ್ದು ನಾನೇ ಅಂತ ನನಗೊಂದು ಜಂಬ. ಚಿಕ್ಕವಳಿದ್ದಾಗ ಎಲ್ಲರೂ ಇದೇ ಮನೆಯಲ್ಲಿದ್ವಿ. ಭಾನುವಾರ ಬಂತು ಅಂದರೆ ಅವಳನ್ನ ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದೋದು. ನರಿಗೊಂದು ದನಿ, ರಾಜನಿಗೊಂದು ದನಿ, ಮುದುಕಿಗೊಂದು ದನಿ. "ಕೊಡಿ ದೊಡ್ಡಪ್ಪ, ನಾನು ಓದ್ತೀನಿ" ಅಂತ ಪುಸ್ತಕ ಎಳೀತಿದ್ಲು. "ನಿನಗ್ಯಾಕೆ ಪುಟ್ಟಾ ಕಷ್ಟ, ನಾನಿಲ್ವಾ?" ಅಂತಿದ್ದೆ. ಕಥೆಯಲ್ಲಿ ಯಾರಾದರೂ ಸಾಯೋ ಹಾಗಿದ್ದರೆ ಮೆಲ್ಲಗೆ ಆ ಸಾಲು ಹಾರಿಸಿಬಿಡ್ತಿದ್ದೆ. ಕಳ್ಳಿ, ಬೆರಳು ನೋಡ್ತಾನೇ ಇರೋಳು. "ಒಂದು ಸಾಲು ಬಿಟ್ರಿ!" ಅಂತ ಹಿಡಿದುಬಿಡೋಳು.

ಹೋದ ತಿಂಗಳು ಒಬ್ಬ ನರ್ಸಮ್ಮನ ನೆನಪುಗಳ ಪುಸ್ತಕ ತಂದೆ. ತೆಳ್ಳಗಿನ ಪುಸ್ತಕ. ಬೈಯೋಕೆ ನನಗೆ ಏನೂ ಸಿಗಲಿಲ್ಲ ಅಂದರೆ ನೋಡಿ. ಆಸ್ಪತ್ರೆಯಲ್ಲಿ ನಾಲ್ಕು ಗಂಟೆಗೆ ನೋಡೋಕೆ ಬರೋರನ್ನ ಬಿಡ್ತಾರೆ. ತಮಗೆ ಯಾರೂ ಬರಲ್ಲ ಅಂತ ಗೊತ್ತಿರೋ ರೋಗಿಗಳೂ ಆ ಹೊತ್ತಿಗೆ ತಲೆ ಬಾಚಿಕೊಂಡು ಕೂರ್ತಾರೆ ಅಂತ ಆಕೆ ಬರೆದಿದಾರೆ. ಅದನ್ನ ಓದೋ ಹೊತ್ತಿಗೆ ನನಗೇ ಜ್ವರ. ಮೊದಲನೇ ದಿನ ಬ್ರೆಡ್ ಇತ್ತು. ಎರಡನೇ ದಿನ ಬಿಸಿನೀರು. ಮೂರನೇ ದಿನ ಎದ್ದು ಕೂತು ಹಾಳೆ ಬರೆದೆ. ಹೊಗಳಿಕೆಯ ಮಧ್ಯೆ ಒಂದೇ ಒಂದು ಸಾಲು ನನ್ನದು ಸೇರಿಸಿದೆ: "ನನಗೂ ಮೂರು ದಿನದಿಂದ ಜ್ವರ, ನಿನ್ನೆ 102 ಇತ್ತು, ಬಾಗಿಲು ನೋಡ್ತಾ ಇದೀನಿ."

ಐದು ನಿಮಿಷಕ್ಕೆ ಉತ್ತರ ಬಂತು. ಕೆಂಪು ಹೃದಯ. "ಸೂಪರ್ ದೊಡ್ಡಪ್ಪ."

ಮೈಯೆಲ್ಲ ಉರಿದುಹೋಯ್ತು. ಫೋನ್ ಮಾಡಿ ಹೇಳಬಹುದಿತ್ತಲ್ಲ ಅಂತೀರಾ? ಹೇಳಬಹುದಿತ್ತು. ಆದರೆ ಕರೆದ ಮೇಲೆ ಬರೋದು ಬೇರೆ, ಓದಿ ತಾನಾಗೇ ಬರೋದು ಬೇರೆ. ಜ್ವರ ಇನ್ನೆರಡು ದಿನಕ್ಕೆ ಬಿಡ್ತು. ಕೋಪ ಬಿಡಲಿಲ್ಲ. ಹಾಳೆ ಕಳಿಸೋದು ನಿಲ್ಲಿಸಿದೆ. ಓದೋದೂ ನಿಂತುಹೋಯ್ತು. ಕನ್ನಡಕ ಹಾಕ್ಕೊಂಡು ಸುಮ್ನೆ ಕೂತಿರ್ತಿದ್ದೆ.

ಮೂರನೇ ಭಾನುವಾರ ಬೆಳಿಗ್ಗೆ ಶ್ರೀಯಾ ಮುರುಕ್ಕಿನ ಪೊಟ್ಟಣ ಹಿಡ್ಕೊಂಡು ಬಂದ್ಲು.

"ಎನ್ನಾಚ್ಚು, ಏನಾಯ್ತು ದೊಡ್ಡಪ್ಪ? ಹಾಳೆನೇ ಬಂದಿಲ್ಲ?"

"ಬಂದ ಹಾಳೆಯಲ್ಲಿ ಏನಿತ್ತಮ್ಮ? ಅದನ್ನ ಹೇಳು ಮೊದಲು."

"ಚೆನ್ನಾಗಿತ್ತು."

"ಏನು ಚೆನ್ನಾಗಿತ್ತು? ಯಾವ ಪುಸ್ತಕ? ಯಾರು ಬರೆದಿದ್ದು?" ನನ್ನ ದನಿ ಬೀದಿಗೆ ಕೇಳಿಸೋ ಹಾಗಿತ್ತು. "ಎರಡು ವರ್ಷದಿಂದ ನಾನೇನು ಗೋಡೆಗೆ ಬರೀತಿದೀನಾ?"

ಅವಳು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತಿದ್ಲು. ಕಣ್ಣು ತುಂಬಿಕೊಂಡಿತ್ತು.

"ನನಗೆ ಕನ್ನಡ ಓದೋಕೆ ಬರಲ್ಲ ದೊಡ್ಡಪ್ಪ."

ನಾನು ನಕ್ಕುಬಿಟ್ಟೆ. ನನ್ನ ಪಕ್ಕ ಕೂತು ನೂರು ಪುಸ್ತಕ ಮುಗಿಸಿದ ಹುಡುಗಿ ಆಡೋ ಮಾತೇ ಇದು?

"ನಿಜ. ಫೋನಿಗೆ ಓದಿಸಿ ನೋಡಿದೆ, ನಿಮ್ಮ ಕೈಬರಹ ಅದಕ್ಕೂ ಆಗಲ್ಲ. ಮೊದಲನೇ ಸಲವೇ ಹೇಳಬೇಕಿತ್ತು. ಅಷ್ಟು ಆಸೆಯಿಂದ ಕಳಿಸಿದ್ರಿ. ಆಮೇಲಾಮೇಲೆ ಹೇಳೋಕೆ ಮುಖ ಇರಲಿಲ್ಲ."

"ಸ್ಕೂಲಲ್ಲಿ ತಮಿಳು, ಸರಿ. ಮನೆಯಲ್ಲಿ ಕಲೀಬಹುದಿತ್ತಲ್ಲ?"

"ಮನೆಯಲ್ಲಿ ನೀವೇ ಓದ್ತಿದ್ರಲ್ಲ."

ಅದನ್ನ ಅವಳು ದೂರೋ ಹಾಗೆ ಹೇಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ್ಲು. ನರಿ ದನಿ, ರಾಜನ ದನಿ ತೆಗೆದು ಮೆರೆದವನು ನಾನು. ಪುಸ್ತಕ ಎಳೆದಾಗಲೆಲ್ಲ ಕಿತ್ತುಕೊಂಡವನೂ ನಾನೇ. ಒಳಗೆ ಹೋಗಿ ಎರಡು ಲೋಟ ಕಾಫಿ ಮಾಡಿ ತಂದೆ.

ಕಾಫಿ ಕುಡಿದು ಅವಳು ಹಾಳೆಗಳ ಫೈಲು ಎತ್ತಿಕೊಂಡು ನನ್ನ ಪಕ್ಕ ಕೂತ್ಲು. "ಈಗ ಓದಿ. ಕೊನೇದರಿಂದ ಶುರು ಮಾಡಿ."

ಕೊನೇದು ನರ್ಸಮ್ಮನದು. ಕನ್ನಡಕ ಒರೆಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟೆ. ಎಷ್ಟೋ ವರ್ಷ ಆದ ಮೇಲೆ ಗಟ್ಟಿಯಾಗಿ ಓದ್ತಿದ್ದೆ. ನರ್ಸಮ್ಮನಿಗೊಂದು ದನಿ ಕೊಟ್ಟೆ, ಗದರೋ ಡಾಕ್ಟರಿಗೊಂದು. ಶ್ರೀಯಾ ನಕ್ಕಳು. ನಾಲ್ಕು ಗಂಟೆಯ ವಿಷಯ ಬಂದಾಗ ನಗು ನಿಂತಿತು. ಮುಂದಿನ ಸಾಲು ನನ್ನದು. ಏನೂ ಗೊತ್ತಿಲ್ಲದ ಮಗುವಿಗೆ ಈಗ ಅದನ್ನ ಯಾಕೆ ಕೇಳಿಸೋದು? ಸಂಕಟಪಡ್ತಾಳೆ. ಬೆರಳು ಕೆಳಗಿಳಿಸಿ ಅದರ ಮುಂದಿನ ಸಾಲು ಓದಿದೆ.

"ಒಂದು ಸಾಲು ಬಿಟ್ರಿ."

"ಇಲ್ವಲ್ಲ."

"ಬಿಟ್ರಿ. ಇದು." ಅವಳ ಬೆರಳು ಸರಿಯಾಗಿ ಅಲ್ಲೇ ಬಂದು ಕೂತಿತು. "ಇಲ್ಲಿ 102 ಅಂತಿದೆ. ಏನದು?"

"ಅದು ಪುಟದ ನಂಬರಮ್ಮ. ಆ ಮಾತು ನೂರ ಎರಡನೇ ಪುಟದಲ್ಲಿ ಬರುತ್ತೆ."

ಪುಸ್ತಕ ಇನ್ನೂ ಮೇಜಿನ ಮೇಲೇ ಇತ್ತು. ಮೊದಲು ಜ್ವರ, ಆಮೇಲೆ ಕೋಪ, ವಾಪಸ್ ಕೊಡೋಕೆ ಹೋಗಿರಲಿಲ್ಲ. ಶ್ರೀಯಾ ಎತ್ತಿಕೊಂಡು ಕೊನೆಯ ಪುಟ ತೆಗೆದಳು. ಅಂಕಿ ಓದೋಕೆ ಅವಳಿಗೆ ಯಾರ ಸಹಾಯವೂ ಬೇಕಿರಲಿಲ್ಲ.

"ಇದರಲ್ಲಿ ಇರೋದೇ ತೊಂಬತ್ತಾರು ಪುಟ ದೊಡ್ಡಪ್ಪ."

ಅವಳು ಮುಚ್ಚಿದ ಪುಸ್ತಕವನ್ನ ಮಡಿಲಲ್ಲಿಟ್ಟುಕೊಂಡು ಕಾದಳು, ಐದು ವರ್ಷದವಳಿದ್ದಾಗ ಕಾಯ್ತಿದ್ದ ಹಾಗೇ.

"ಬಿಟ್ಟ ಸಾಲು ಓದಿ."

ಬೆರಳನ್ನ ಮತ್ತೆ ಮೇಲಕ್ಕೆ ತಂದೆ. ಆ ಸಾಲಿಗೆ ಯಾವ ದನಿ ಕೊಡಬೇಕೋ ತಿಳೀಲಿಲ್ಲ. ನನ್ನ ದನಿಯಲ್ಲೇ ಓದಿದೆ.